ಮಳಖೇಡದ ಸೊನ್ನೆ: ಮಹಾವೀರಾಚಾರ್ಯರ ಎರಡು ನಿಯಮ, ಒಂದು ತಪ್ಪು ಒಂದು ಸರಿ

(ಪಾಡ್‌ಕಾಸ್ಟ್ ಸಂಚಿಕೆಯ ಬರಹರೂಪ)

ಇವತ್ತು ಒಂದು ಸಣ್ಣ ಲೆಕ್ಕದಿಂದ ಶುರು ಮಾಡೋಣ. ಹತ್ತನ್ನು ಸೊನ್ನೆಯಿಂದ ಭಾಗಿಸಿದ್ರೆ ಎಷ್ಟು? ಮನೇಲಿ ಯಾರನ್ನಾದ್ರೂ ಕೇಳಿ ನೋಡಿ, ಮೂರು ಥರದ ಉತ್ತರ ಬರುತ್ತೆ. ಒಬ್ಬರು ಸೊನ್ನೆ ಅಂತಾರೆ. ಇನ್ನೊಬ್ಬರು ಅನಂತ ಅಂತಾರೆ. ಮೂರನೆಯವರು, ‘ಯಾರಿಗೂ ಹಂಚಲೇ ಇಲ್ಲ ಅಂದ ಮೇಲೆ ಹತ್ತು ಹತ್ತಾಗೇ ಉಳೀತು’ ಅಂತಾರೆ.

ಈ ಮೂರನೇ ಉತ್ತರವನ್ನು ಸುಮಾರು 1,170 ವರ್ಷಗಳ ಹಿಂದೆ ನಮ್ಮ ನಾಡಿನ ಒಬ್ಬ ದೊಡ್ಡ ಗಣಿತಜ್ಞರು ಪದ್ಯದಲ್ಲಿ ಬರೆದಿಟ್ಟಿದ್ದಾರೆ. ಅವರೇ ಮಹಾವೀರಾಚಾರ್ಯರು, ಪುಸ್ತಕ ‘ಗಣಿತಸಾರಸಂಗ್ರಹ’. ಕಾಲ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನದು. ಆ ದೊರೆಯ ರಾಜಧಾನಿ ಮಾನ್ಯಖೇಟ, ಅಂದ್ರೆ ಇವತ್ತಿನ ಸೇಡಂ ತಾಲ್ಲೂಕಿನ ಮಳಖೇಡ.

ಪಿಯುಸಿಯಲ್ಲಿ ಗಣಿತ ಓದೋ ಹುಡುಗ್ರು ‘ರ್‍ಯಾಷನಲ್ ಫಂಕ್ಷನ್’ ಅನ್ನೋ ಪಾಠಕ್ಕೆ ಬಂದಾಗ ಡೊಮೈನ್, ರೇಂಜ್, ಅಸಿಂಪ್ಟೋಟ್ ಅಂತ ಮೂರು ಪದ ಬರುತ್ವೆ. ಆ ಮೂರರ ಬೇರು ಈ ‘ಸೊನ್ನೆಯಿಂದ ಭಾಗಿಸಿದ್ರೆ ಏನು’ ಅನ್ನೋ ಪ್ರಶ್ನೆಯಲ್ಲೇ ಇದೆ. ಹಂಗಾಗಿ ಇವತ್ತು ಇತಿಹಾಸ, ಗಣಿತ ಎರಡನ್ನೂ ಜೊತೆಗೇ ನೋಡೋಣ. ನಾನು ಕಾಮರ್ಸ್ ಓದಿದವನು, ಅದಕ್ಕೇ ಉದಾಹರಣೆಗಳು ಬಡ್ಡಿ, ಖರ್ಚು, ವ್ಯಾಪಾರದ ಕಡೆಗೇ ವಾಲುತ್ತವೆ. ಮಹಾವೀರಾಚಾರ್ಯರ ಪುಸ್ತಕವೂ ಹಾಗೇ ಇದೆ, ಅದು ನಮ್ಮ ಅದೃಷ್ಟ.

ಊರು ಮತ್ತು ಕಾಲ

ಕಲಬುರಗಿಯಿಂದ ಸೇಡಂಗೆ ಹೋಗೋ ರಸ್ತೆಯಲ್ಲಿ, ಕಾಗಿಣಾ ನದಿಯ ದಂಡೆಯಲ್ಲಿ ಮಳಖೇಡ ಇದೆ. ಈಗ ಆ ಭಾಗ ಅಂದ್ರೆ ಸಿಮೆಂಟು ಮತ್ತು ಕಲ್ಲು. ವಾಡಿಯಲ್ಲಿ ಸಿಮೆಂಟ್ ಕಾರ್ಖಾನೆ, ಸೇಡಂ ಸುತ್ತಮುತ್ತ ಸಿಮೆಂಟ್ ಕಾರ್ಖಾನೆ, ಶಹಾಬಾದಿನ ಹೆಸರಲ್ಲೇ ಇರೋ ಹಾಸುಗಲ್ಲು. ನೆಲದಡಿ ಸುಣ್ಣದ ಕಲ್ಲು ಇರೋದೇ ಇದಕ್ಕೆಲ್ಲ ಕಾರಣ. ಊರಲ್ಲಿ ಹಳೇ ಕೋಟೆ ಇದೆ, ನೇಮಿನಾಥನ ಬಸದಿ ಇದೆ.

ಒಂಬತ್ತನೇ ಶತಮಾನದಲ್ಲಿ ಈ ಊರಿನ ಮಾತೇ ಬೇರೆ. ಅಮೋಘವರ್ಷ ಕ್ರಿ.ಶ. 814ರ ಹೊತ್ತಿಗೆ ಪಟ್ಟಕ್ಕೆ ಬಂದು ಅರವತ್ತಕ್ಕೂ ಹೆಚ್ಚು ವರ್ಷ ಆಳಿದ. ಅರಬ್ ವ್ಯಾಪಾರಿ ಸುಲೈಮಾನನ ಹೆಸರಿನಲ್ಲಿರೋ 851ರ ಬರಹದಲ್ಲಿ ಜಗತ್ತಿನ ನಾಲ್ಕು ದೊಡ್ಡ ದೊರೆಗಳ ಪಟ್ಟಿ ಇದೆ. ಬಾಗ್ದಾದಿನ ಖಲೀಫ, ಚೀನಾದ ಚಕ್ರವರ್ತಿ, ರೋಮನರ ದೊರೆ, ನಾಲ್ಕನೆಯವನು ‘ಬಲ್ಹರಾ’, ಅಂದ್ರೆ ನಮ್ಮ ವಲ್ಲಭರಾಜ, ರಾಷ್ಟ್ರಕೂಟ ದೊರೆ. ನಮಗೆ ಸಿಕ್ಕಿರೋ ಅತಿ ಹಳೆಯ ಕನ್ನಡ ಗ್ರಂಥ ‘ಕವಿರಾಜಮಾರ್ಗ’ ಇದೇ ಕಾಲದ್ದು. ಕನ್ನಡದ ಕಾವ್ಯಕ್ಕೆ ನಿಯಮ ಬರೆದ ಆಳ್ವಿಕೆಯಲ್ಲೇ ಲೆಕ್ಕಕ್ಕೂ ನಿಯಮ ಬರೆದ್ರು ಅಂತ ಇಟ್ಕೊಳ್ಳಿ.

ಮಹಾವೀರಾಚಾರ್ಯರು ಜೈನರು. ಪುಸ್ತಕದ ಆರಂಭದಲ್ಲಿ ತೀರ್ಥಂಕರ ಮಹಾವೀರನಿಗೆ ನಮಿಸಿ, ಆಮೇಲೆ ನೃಪತುಂಗನ ಆಳ್ವಿಕೆ ಬೆಳೆಯಲಿ ಅಂತ ಹಾರೈಸ್ತಾರೆ. ಅವರನ್ನು ಈ ಆಳ್ವಿಕೆಗೆ ಸೇರಿಸೋಕೆ ನಮ್ಮ ಕೈಲಿರೋ ಸಾಕ್ಷಿ ಇದೇ.

ಪುಸ್ತಕ ಸಂಸ್ಕೃತದಲ್ಲಿದೆ. ಒಂಬತ್ತು ಅಧ್ಯಾಯ, ಸಾವಿರಕ್ಕೂ ಹೆಚ್ಚು ಪದ್ಯ. ಅಷ್ಟು ಹೊತ್ತಿಗೆ ನಮ್ಮಲ್ಲಿ ಗಣಿತ ಹೆಚ್ಚಾಗಿ ಜ್ಯೋತಿಷದ ಪುಸ್ತಕದೊಳಗೆ ಒಂದೆರಡು ಅಧ್ಯಾಯವಾಗಿ ಇರ್ತಿತ್ತು. ಗ್ರಹ, ಗ್ರಹಣ ಬಿಟ್ಟು ಬರೀ ಗಣಿತಕ್ಕೇ ಇಷ್ಟು ದೊಡ್ಡ ಪುಸ್ತಕ ಮೀಸಲಿಟ್ಟಿದ್ದು ಮಹಾವೀರಾಚಾರ್ಯರ ಸಾಧನೆ. ಭಿನ್ನರಾಶಿ, ತ್ರೈರಾಶಿಕ, ಬಡ್ಡಿ, ಹೊಲದ ಅಳತೆ, ಗುಂಡಿ ತೋಡೋ ಲೆಕ್ಕ, ನೆರಳಿನ ಲೆಕ್ಕ ಎಲ್ಲಾ ಇದೆ. ಹನ್ನೊಂದನೇ ಶತಮಾನದಲ್ಲಿ ಪಾವುಲೂರಿ ಮಲ್ಲನ ಇದನ್ನು ತೆಲುಗಿಗೆ ತಂದ. 1912ರಲ್ಲಿ ಮದರಾಸಿನಲ್ಲಿ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದ ಜೊತೆ ಅಚ್ಚು ಹಾಕಿಸಿದ್ರು. 2000ದಲ್ಲಿ ಹೊಂಬುಜದಿಂದ ಪದ್ಮಾವತಮ್ಮನವರ ಕನ್ನಡ ಅನುವಾದವೂ ಬಂತು.

ಅಕ್ಕಪಕ್ಕದ ಎರಡು ನಿಯಮ

ಮೊದಲ ಅಧ್ಯಾಯದಲ್ಲಿ, ಕೆಲವೇ ಪದ್ಯಗಳ ಅಂತರದಲ್ಲಿ, ಎರಡು ನಿಯಮ ಬರುತ್ತೆ.

ಮೊದಲನೆಯದು ಸೊನ್ನೆಯದು. ಒಂದು ಸಂಖ್ಯೆಯನ್ನು ಸೊನ್ನೆಯಿಂದ ಗುಣಿಸಿದ್ರೆ ಸೊನ್ನೆ. ಸೊನ್ನೆ ಕೂಡಿಸಿದ್ರೆ, ಸೊನ್ನೆ ಕಳೆದ್ರೆ, ಸೊನ್ನೆಯಿಂದ ಭಾಗಿಸಿದ್ರೆ ಸಂಖ್ಯೆ ಬದಲಾಗಲ್ಲ.

ಎರಡನೆಯದು ಋಣಸಂಖ್ಯೆಯದು, ಅಂದ್ರೆ ಮೈನಸ್ ಸಂಖ್ಯೆ. ಧನದ ವರ್ಗವೂ ಧನ, ಋಣದ ವರ್ಗವೂ ಧನ. ಋಣಸಂಖ್ಯೆ ಸ್ವಭಾವತಃ ಯಾವುದರ ವರ್ಗವೂ ಅಲ್ಲ, ಹಂಗಾಗಿ ಅದಕ್ಕೆ ವರ್ಗಮೂಲ ಇಲ್ಲ.

ಎರಡನೇ ನಿಯಮ ಬಂಗಾರ. ಇವತ್ತಿನ ಶಾಲೆಯಲ್ಲೂ ವಾಸ್ತವ ಸಂಖ್ಯೆಗಳ ಮಟ್ಟಿಗೆ ಇದನ್ನೇ ಹೇಳಿಕೊಡ್ತಾರೆ. ‘ಈ ಕ್ರಿಯೆ ಈ ಸಂಖ್ಯೆಗಳಿಗೆ ಮಾತ್ರ ಅನ್ವಯ, ಆಚೆಗೆ ಉತ್ತರವೇ ಇಲ್ಲ’ ಅನ್ನೋ ತಿಳಿವಳಿಕೆ ಇದರಲ್ಲಿದೆ. ಅದಕ್ಕೇ ನಾವು ಈಗ ಡೊಮೈನ್ ಅಂತೀವಿ. ಒಂದು ಸೂತ್ರದೊಳಗೆ ಯಾವ ಯಾವ ಸಂಖ್ಯೆ ಹಾಕಬಹುದೋ ಆ ಎಲ್ಲ ಸಂಖ್ಯೆಗಳ ಗುಂಪೇ ಡೊಮೈನ್. ವರ್ಗಮೂಲದ ಬಾಗಿಲಲ್ಲಿ ಮೈನಸ್ ಸಂಖ್ಯೆಗೆ ಪ್ರವೇಶ ಇಲ್ಲ ಅಂತ ಮಹಾವೀರಾಚಾರ್ಯರು ಬೋರ್ಡ್ ಹಾಕಿದ್ರು. ಆದ್ರೆ ಭಾಗಾಕಾರದ ಬಾಗಿಲಲ್ಲಿ ಸೊನ್ನೆಗೆ ಅದೇ ಬೋರ್ಡ್ ಹಾಕಲಿಲ್ಲ, ಒಳಗೆ ಬಿಟ್ಟರು.

ಬಿಟ್ಟರೆ ಏನಾಗುತ್ತೆ? ಒಂದು ಬಡ್ಡಿ ಲೆಕ್ಕ ನೋಡಿ. ಇದು ನಾನು ಮಾಡಿಕೊಂಡ ಉದಾಹರಣೆ, ಪುಸ್ತಕದ್ದಲ್ಲ. ನೂರು ರೂಪಾಯಿ ಸಾಲ ಕೊಟ್ಟಿದ್ದೀವಿ. ಐವತ್ತು ರೂಪಾಯಿ ಬಡ್ಡಿ ಬರೋಕೆ ಎಷ್ಟು ತಿಂಗಳು? ತಿಂಗಳಿಗೆ ನೂರಕ್ಕೆ 2 ರೂಪಾಯಿ ಬಡ್ಡಿ ಆದ್ರೆ 50 ÷ 2, ಅಂದ್ರೆ 25 ತಿಂಗಳು. 1 ರೂಪಾಯಿ ಆದ್ರೆ 50 ತಿಂಗಳು. ಎಂಟಾಣೆ ಆದ್ರೆ 100 ತಿಂಗಳು. ಹತ್ತು ಪೈಸೆ ಆದ್ರೆ 500 ತಿಂಗಳು. ಬಡ್ಡಿ ಇಳಿದಂಗೆಲ್ಲಾ ಕಾಯೋ ಕಾಲ ಏರ್ತಾ ಹೋಗುತ್ತೆ. ಈಗ ಬಡ್ಡಿಯೇ ಇಲ್ಲ, ಸೊನ್ನೆ. ‘ಸಂಖ್ಯೆ ಬದಲಾಗಲ್ಲ’ ಅನ್ನೋ ನಿಯಮ ಹಾಕಿದ್ರೆ 50 ÷ 0 = 50. ಅಂದ್ರೆ ಬಡ್ಡಿ ಇಲ್ಲದ ಸಾಲಕ್ಕೆ 50 ತಿಂಗಳಲ್ಲಿ 50 ರೂಪಾಯಿ ಬಡ್ಡಿ! ಯಾವ ಸಾಹುಕಾರನೂ ಇದನ್ನು ಒಪ್ಪಲ್ಲ, ಸಾಲಗಾರನಂತೂ ಒಪ್ಪೋದೇ ಇಲ್ಲ.

ಇನ್ನೊಂದು ತೊಡಕು ಅದೇ ಪದ್ಯದೊಳಗಿದೆ. ಭಾಗಾಕಾರದ ತಾಳೆ ನೋಡೋದು ಗುಣಾಕಾರದಿಂದ. 10 ÷ 0 = 10 ಅಂದ್ರೆ 10 × 0 ಮತ್ತೆ 10 ಆಗಬೇಕು. ಆದ್ರೆ ಸೊನ್ನೆಯಿಂದ ಗುಣಿಸಿದ್ರೆ ಸೊನ್ನೆ ಅಂತ ಅವರೇ ಹೇಳಿದ್ದಾರೆ. ಒಂದೇ ನಿಯಮದ ಎರಡು ತುದಿ ಕೂಡಲ್ಲ.

ಹಾಗಾದ್ರೆ ಇಷ್ಟು ಬುದ್ಧಿವಂತರು ಯಾಕೆ ಹೀಗೆ ಬರೆದ್ರು? ರಂಗಾಚಾರ್ಯರು ತಮ್ಮ ಟಿಪ್ಪಣಿಯಲ್ಲಿ ಒಂದು ಕಾರಣ ಕೊಡ್ತಾರೆ: ಸೊನ್ನೆಯಿಂದ ಭಾಗಿಸೋದು ಅಂದ್ರೆ ಭಾಗಿಸದೇ ಇರೋದು ಅಂತ ಮಹಾವೀರಾಚಾರ್ಯರು ತಿಳಿದಿರಬೇಕು. ನನಗೂ ಇದೇ ಸರಿ ಅನ್ಸುತ್ತೆ. ಬುಟ್ಟಿಯಲ್ಲಿ ಹತ್ತು ಮಾವಿನಹಣ್ಣು ಇದೆ, ಹಂಚಿಕೊಳ್ಳೋಕೆ ಯಾರೂ ಬರಲಿಲ್ಲ. ಬುಟ್ಟಿಯಲ್ಲಿ ಉಳಿದಿದ್ದು ಎಷ್ಟು? ಹತ್ತೇ. ಈ ಪ್ರಶ್ನೆಗೆ ಈ ಉತ್ತರ ಸರಿ. ಆದ್ರೆ ಭಾಗಾಕಾರ ಕೇಳೋದು ‘ಉಳಿದಿದ್ದೆಷ್ಟು’ ಅಂತಲ್ಲ, ‘ತಲಾ ಎಷ್ಟು’ ಅಂತ. ತಲೆಯೇ ಇಲ್ಲದಾಗ ತಲಾ ಎಷ್ಟು ಅನ್ನೋ ಪ್ರಶ್ನೆಗೆ ಅರ್ಥವಿಲ್ಲ.

ಹಿಂದಿನವರು, ಮುಂದಿನವರು

ಇದರಲ್ಲಿ ಎಡವಿದ್ದು ಅವರೊಬ್ಬರೇ ಅಲ್ಲ. 628ರಲ್ಲಿ ಬ್ರಹ್ಮಗುಪ್ತ ಸೊನ್ನೆಗೆ ನಿಯಮ ಬರೆದಾಗ, ಸೊನ್ನೆ ಭಾಗ ಸೊನ್ನೆ ಅಂದ್ರೆ ಸೊನ್ನೆ ಅಂದ. ಬೇರೆ ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದ್ರೆ, ಕೆಳಗೆ ಸೊನ್ನೆ ಇರೋ ಭಿನ್ನರಾಶಿ ಅಂತ ಹೆಸರಿಟ್ಟು ಅಷ್ಟಕ್ಕೇ ಬಿಟ್ಟ.

1150ರಲ್ಲಿ ಭಾಸ್ಕರಾಚಾರ್ಯರು ಬಂದರು. ಅವರ ಊರು ಸಹ್ಯಾದ್ರಿಯ ಹತ್ತಿರದ ವಿಜ್ಜಡವಿಡ. ಅದು ನಮ್ಮ ವಿಜಯಪುರ ಅನ್ನೋರೂ ಇದ್ದಾರೆ, ಮಹಾರಾಷ್ಟ್ರದ ಚಾಳೀಸಗಾಂವ್ ಕಡೆ ಅನ್ನೋರೂ ಇದ್ದಾರೆ. ಭಾಸ್ಕರರು ಸೊನ್ನೆಯಿಂದ ಭಾಗಿಸಿದ ರಾಶಿಗೆ ‘ಖಹರ’ ಅಂದ್ರು. ಅದಕ್ಕೆ ಏನು ಕೂಡಿಸಿದ್ರೂ ಏನು ಕಳೆದ್ರೂ ಬದಲಾವಣೆ ಇಲ್ಲ, ಸೃಷ್ಟಿ ಪ್ರಳಯಗಳಲ್ಲಿ ಅಚ್ಯುತ ಬದಲಾಗದ ಹಾಗೆ ಅಂತ ಹೋಲಿಸಿದ್ರು. ಅನಂತದ ಕಲ್ಪನೆ ಬಂತು. ಆದ್ರೂ ಪೂರ್ತಿ ಬಗೆಹರೀಲಿಲ್ಲ. ಯಾಕಂದ್ರೆ ಸೊನ್ನೆಯ ಹತ್ತಿರಕ್ಕೆ ಎರಡು ಕಡೆಯಿಂದ ಬರಬಹುದು. ಬಲಗಡೆಯಿಂದ ಬಂದ್ರೆ 1 ÷ 0.001 ಅಂದ್ರೆ ಸಾವಿರ. ಎಡಗಡೆಯಿಂದ ಬಂದ್ರೆ ಮೈನಸ್ ಸಾವಿರ. ಒಂದು ಕಡೆ ಮುಗಿಲಿಗೆ, ಇನ್ನೊಂದು ಕಡೆ ಪಾತಾಳಕ್ಕೆ. ಎರಡೂ ಒಂದೇ ಕಡೆ ಸೇರದೇ ಇದ್ದಾಗ ಅದಕ್ಕೆ ಒಂದು ಬೆಲೆ ಕೊಡೋಕೆ ಬರಲ್ಲ.

ಪಿಯುಸಿ ಪಾಠಕ್ಕೆ ಬರೋಣ

ಒಂದು ಬಹುಪದೋಕ್ತಿಯನ್ನು ಇನ್ನೊಂದು ಬಹುಪದೋಕ್ತಿಯಿಂದ ಭಾಗಿಸಿದ್ರೆ ಸಿಗೋದು ರ್‍ಯಾಷನಲ್ ಫಂಕ್ಷನ್. 1748ರಲ್ಲಿ ಆಯ್ಲರ್ ಬರೆದ ಪುಸ್ತಕದಲ್ಲಿ ಇಂಥ ಫಂಕ್ಷನ್‌ಗಳೂ ಇವೆ, ಅಸಿಂಪ್ಟೋಟ್‌ಗಳೂ ಇವೆ. ‘ಅಸಿಂಪ್ಟೋಟ್’ ಅನ್ನೋ ಪದ ಇನ್ನೂ ಹಳೇದು, ಗ್ರೀಕಿನದು. ಅರ್ಥ ‘ಕೂಡದೇ ಇರೋದು’. ವಕ್ರರೇಖೆ ಒಂದು ನೇರ ಗೆರೆಯ ಹತ್ತಿರ ಹತ್ತಿರ ಹೋಗ್ತಾನೇ ಇರುತ್ತೆ, ನಡುವಿನ ಅಂತರ ಎಷ್ಟು ಬೇಕಾದ್ರೂ ಸಣ್ಣದಾಗುತ್ತೆ. ಆ ಗೆರೆಯೇ ಅಸಿಂಪ್ಟೋಟ್.

ಶಹಾಬಾದಿನ ಕಲ್ಲು ಪಾಲಿಶ್ ಮಾಡೋ ಒಂದು ಘಟಕ ಅಂತ ಊಹಿಸ್ಕೊಳ್ಳಿ. ಅಂಕಿ ನನ್ನವು, ಬರೀ ಲೆಕ್ಕಕ್ಕೆ. ಬಾಡಿಗೆ, ಯಂತ್ರದ ಕಂತು, ಸಂಬಳ ಸೇರಿ ತಿಂಗಳಿಗೆ 60,000 ರೂಪಾಯಿ ಸ್ಥಿರ ವೆಚ್ಚ. ಪ್ರತಿ ಚದರ ಅಡಿಗೆ ಕಲ್ಲು, ಕರೆಂಟು, ಕೂಲಿ ಅಂತ 15 ರೂಪಾಯಿ. ಎಕ್ಸ್ ಚದರ ಅಡಿ ಮಾಡಿದ್ರೆ ಒಂದು ಚದರ ಅಡಿಯ ಸರಾಸರಿ ವೆಚ್ಚ ವೈ = 60,000 ÷ ಎಕ್ಸ್ + 15.

ಸಾವಿರ ಅಡಿ ಮಾಡಿದ್ರೆ 75 ರೂಪಾಯಿ. ನಾಲ್ಕು ಸಾವಿರಕ್ಕೆ 30. ಹತ್ತು ಸಾವಿರಕ್ಕೆ 21. ಅರವತ್ತು ಸಾವಿರಕ್ಕೆ 16. ಆರು ಲಕ್ಷಕ್ಕೆ 15 ರೂಪಾಯಿ 10 ಪೈಸೆ. ಎಷ್ಟೇ ಮಾಡಿ, 15ಕ್ಕೆ ಮುಟ್ಟಲ್ಲ. 15 ಅನ್ನೋದು ಅಡ್ಡ ಅಸಿಂಪ್ಟೋಟ್. ಇನ್ನೊಂದು ಕಡೆ, ಉತ್ಪಾದನೆ ಸೊನ್ನೆಯತ್ತ ಇಳಿದಷ್ಟೂ ಸರಾಸರಿ ವೆಚ್ಚ ಮುಗಿಲಿಗೇರುತ್ತೆ. ಎಕ್ಸ್ = 0 ಅನ್ನೋದು ಲಂಬ ಅಸಿಂಪ್ಟೋಟ್. ಏನೂ ಮಾಡದೇ ಇದ್ದಾಗ ಒಂದು ಅಡಿಗೆ ಸರಾಸರಿ ಎಷ್ಟು ಅಂತ ಕೇಳಿದ್ರೆ ಉತ್ತರ 60,015 ಅಲ್ಲ, ಉತ್ತರ ಇಲ್ಲ. 60,000 ರೂಪಾಯಿ ಖರ್ಚಂತೂ ಹಾಗೇ ನಿಂತಿರುತ್ತೆ. ಮಾವಿನ ಬುಟ್ಟಿಯ ಥರ ಅದು ‘ಉಳಿದಿದ್ದು’, ‘ತಲಾ’ ಅಲ್ಲ.

ಇಲ್ಲಿ ಡೊಮೈನ್ ಅಂದ್ರೆ ಸೊನ್ನೆಗಿಂತ ಹೆಚ್ಚಿನ ಎಲ್ಲಾ ಎಕ್ಸ್. ರೇಂಜ್ ಅಂದ್ರೆ ಬರಬಹುದಾದ ಎಲ್ಲ ಉತ್ತರಗಳು. ಅದನ್ನು ಹುಡುಕೋಕೆ ಸೂತ್ರ ತಿರುಗಿಸಿ: ಎಕ್ಸ್ = 60,000 ÷ (ವೈ − 15). ಈಗ ಛೇದದಲ್ಲಿ ಕೂತಿರೋದು ವೈ − 15. ಅದು ಸೊನ್ನೆ ಆಗಬಾರದು, ಎಕ್ಸ್ ಧನ ಆಗಬೇಕು. ಹಂಗಾಗಿ ವೈ 15ಕ್ಕಿಂತ ಹೆಚ್ಚೇ ಇರಬೇಕು. ರೇಂಜ್ ಸಿಕ್ತು.

ಛೇದ ಸೊನ್ನೆ ಆದ ಕಡೆಯೆಲ್ಲಾ ಲಂಬ ಅಸಿಂಪ್ಟೋಟ್ ಇರುತ್ತೆ ಅಂತ ಹುಡುಗ್ರು ಬಾಯಿಪಾಠ ಮಾಡಿರ್ತಾರೆ. ಇಲ್ಲಿ ಭಾಸ್ಕರರ ‘ಲೀಲಾವತಿ’ಯ ಒಂದು ಲೆಕ್ಕ ನೆನಪಿಗೆ ಬರುತ್ತೆ. ಒಂದು ಸಂಖ್ಯೆಯನ್ನು ಸೊನ್ನೆಯಿಂದ ಗುಣಿಸಿ, ಬಂದದ್ದರ ಅರ್ಧ ಅದಕ್ಕೇ ಕೂಡಿಸಿ, ಮೂರರಿಂದ ಗುಣಿಸಿ, ಸೊನ್ನೆಯಿಂದ ಭಾಗಿಸಿದ್ರೆ 63 ಬಂತು. ಸಂಖ್ಯೆ ಯಾವುದು? ಅವರ ಉತ್ತರ 14. ಗುಣಿಸಿದ ಸೊನ್ನೆ, ಭಾಗಿಸಿದ ಸೊನ್ನೆ ಹೊಡೆದುಹೋದ್ವು, ಉಳಿದದ್ದು ಸಂಖ್ಯೆಯ ನಾಲ್ಕೂವರೆ ಪಟ್ಟು. 14ರ ನಾಲ್ಕೂವರೆ ಪಟ್ಟು 63. ನಿಜವಾದ ಸೊನ್ನೆಗೆ ಹೀಗೆ ಮಾಡೋ ಹಾಗಿಲ್ಲ. ಆದ್ರೆ ಸೊನ್ನೆಯ ಹತ್ತಿರ ಹೋಗ್ತಿರೋ ಪುಟ್ಟ ಸಂಖ್ಯೆ ಅಂತ ಓದಿದ್ರೆ ಲೆಕ್ಕ ಸರಿಯಾಗಿ ನಿಲ್ಲುತ್ತೆ.

ಇದೇ ಮಾತು ಪಾಠದಲ್ಲಿ ಹೀಗೆ ಬರುತ್ತೆ. ಅಂಶದಲ್ಲಿ (ಎಕ್ಸ್ − 3)(ಎಕ್ಸ್ + 3), ಛೇದದಲ್ಲಿ (ಎಕ್ಸ್ − 3)(ಎಕ್ಸ್ + 2). ಛೇದ ಸೊನ್ನೆ ಆಗೋದು 3 ಮತ್ತು −2ರಲ್ಲಿ, ಎರಡೂ ಡೊಮೈನ್‌ನಿಂದ ಹೊರಗೆ. ಆದ್ರೆ −2ರಲ್ಲಿ ಮಾತ್ರ ಲಂಬ ಅಸಿಂಪ್ಟೋಟ್. 3ರಲ್ಲಿ ಮೇಲೂ ಕೆಳಗೂ ಒಂದೇ ಅಪವರ್ತನ ಇರೋದ್ರಿಂದ ರೇಖೆ ಮುಗಿಲಿಗೆ ಹೋಗಲ್ಲ, ಅಲ್ಲೊಂದು ತೂತು ಮಾತ್ರ ಉಳಿಯುತ್ತೆ. ಹೊಡೆದ ಮೇಲೆ ಉಳಿಯೋದು 1 + 1 ÷ (ಎಕ್ಸ್ + 2). ಅಡ್ಡ ಅಸಿಂಪ್ಟೋಟ್ 1. ತೂತಿನ ಎತ್ತರ ಐದನೇ ಆರು, ಅಂದ್ರೆ 1.2. ಆದ್ದರಿಂದ ರೇಂಜ್‌ನಲ್ಲಿ 1 ಇಲ್ಲ, 1.2 ಕೂಡ ಇಲ್ಲ. ಈ 1.2 ಬಿಡೋದು ಮರೆತು ಅಂಕ ಕಳ್ಕೊಳ್ಳೋರು ಬಹಳ ಮಂದಿ.

ಸರಿಯಾದ ನಿಯಮ ಕೆಲಸಕ್ಕೆ ಬರೋ ಜಾಗ

ಈಗ ಮಹಾವೀರಾಚಾರ್ಯರ ಎರಡನೇ ನಿಯಮಕ್ಕೆ ಬರೋಣ. 1 ಚದರ ಮಾನದ ಒಂದು ಆಯತಾಕಾರದ ಹೊಲ. ಉದ್ದ ಎಕ್ಸ್ ಆದ್ರೆ ಅಗಲ 1 ÷ ಎಕ್ಸ್. ಉದ್ದ ಅಗಲ ಕೂಡಿದ್ರೆ ವೈ = ಎಕ್ಸ್ + 1 ÷ ಎಕ್ಸ್. ಇದೂ ರ್‍ಯಾಷನಲ್ ಫಂಕ್ಷನ್ನೇ. ಎಕ್ಸ್ 100 ಆದ್ರೆ ವೈ 100.01. ದೊಡ್ಡದಾದಷ್ಟೂ ವೈ = ಎಕ್ಸ್ ಅನ್ನೋ ಓರೆ ಗೆರೆಗೆ ಹತ್ತಿರ. ಅದಕ್ಕೇ ಅದು ಓರೆ ಅಸಿಂಪ್ಟೋಟ್.

ರೇಂಜ್ ಏನು? ಎರಡೂ ಕಡೆ ಎಕ್ಸ್‌ನಿಂದ ಗುಣಿಸಿದ್ರೆ ಒಂದು ವರ್ಗಸಮೀಕರಣ. ಅದನ್ನು ಬಿಡಿಸುವಾಗ ವೈ ವರ್ಗ − 4ರ ವರ್ಗಮೂಲ ಬೇಕು. ವೈ 2.5 ಆದ್ರೆ 6.25 − 4 = 2.25, ಅದರ ವರ್ಗಮೂಲ 1.5. ಉದ್ದ 2, ಅಗಲ 0.5. ಹೊಲ ಸಿಕ್ತು. ವೈ 2 ಆದ್ರೆ ಉದ್ದ 1, ಅಗಲ 1, ಚೌಕ. ವೈ 1.5 ಆದ್ರೆ 2.25 − 4 = −1.75. ಋಣಸಂಖ್ಯೆ. ವರ್ಗಮೂಲ ಇಲ್ಲ ಅಂತ ನಮ್ಮ ಆಚಾರ್ಯರೇ ಹೇಳಿದ್ದಾರೆ, ಅಂದ್ರೆ ಅಂಥ ಹೊಲವೇ ಇಲ್ಲ. ಹಂಗಾಗಿ ಹೊಲಕ್ಕೆ ವೈ 2ಕ್ಕಿಂತ ಕಮ್ಮಿ ಆಗೋದೇ ಇಲ್ಲ.

ಗಮನಿಸಿ ನೋಡ್ರಿ. ಅವರು ತಪ್ಪಾಗಿ ಬರೆದ ನಿಯಮ ಸರಿಪಡಿಸಿದ್ರೆ ನಮಗೆ ಡೊಮೈನ್ ಸಿಗುತ್ತೆ. ಅವರು ಸರಿಯಾಗಿ ಬರೆದ ನಿಯಮದಿಂದ ರೇಂಜ್ ಸಿಗುತ್ತೆ.

ಅಸಿಂಪ್ಟೋಟಿನ ನೆರಳು ಕೂಡ ಆ ಪುಸ್ತಕದಲ್ಲಿದೆ. ಒಂದನ್ನು, ಅಂಶ ಒಂದೇ ಇರೋ ಭಿನ್ನರಾಶಿಗಳ ಮೊತ್ತವಾಗಿ ಒಡೆಯೋದು ಹೇಗೆ ಅಂತ ಅವರು ನಿಯಮ ಕೊಡ್ತಾರೆ. ಛೇದಗಳು 1ರಿಂದ ಶುರುವಾಗಿ ಮೂರರಷ್ಟು ಬೆಳೀಬೇಕು: 1, 3, 9, 27. ಮೊದಲನೆಯದನ್ನು 2ರಿಂದ, ಕೊನೆಯದನ್ನು ಮೂರನೇ ಎರಡರಿಂದ ಗುಣಿಸಬೇಕು. ಆಗ 2, 3, 9, 18. ತಾಳೆ ನೋಡಿ: 1/2 + 1/3 + 1/9 + 1/18 = 1. ಈಗ ಆ ಕೊನೆಯ ತುಂಡನ್ನು ಹಾಕದೇ ಮುಂದುವರೀರಿ. 1/2 + 1/3 ಅಂದ್ರೆ 5/6. 1/9 ಸೇರಿಸಿದ್ರೆ 17/18. 1/27 ಸೇರಿಸಿದ್ರೆ 53/54. ಒಂದರ ಹತ್ತಿರ ಬರ್ತಾನೇ ಇದೆ, ಮುಟ್ಟಲ್ಲ. ಬಾಕಿ 1/6, 1/18, 1/54. ಆ ಬಾಕಿಯೇ ಅವರ ನಿಯಮದ ಕೊನೆಯ ತುಂಡು. ಅವರು ಅಸಿಂಪ್ಟೋಟ್ ಕಂಡುಹಿಡಿದ್ರು ಅಂತ ನಾನು ಹೇಳ್ತಿಲ್ಲ. ಮುಟ್ಟದೇ ಉಳಿಯೋ ಅಂತರವನ್ನು ಅವರು ಪೈಸೆ ತಪ್ಪದೆ ಲೆಕ್ಕ ಹಾಕಿದ್ರು, ಇಷ್ಟು ನಿಜ.

ಸೊನ್ನೆ ಇವತ್ತೂ ಕಾಡುತ್ತೆ

ಇದೆಲ್ಲಾ ಹಳೇ ಕಥೆ ಅನ್ಕೋಬೇಡಿ. 1997ರಲ್ಲಿ ಅಮೆರಿಕದ ‘ಯಾರ್ಕ್‌ಟೌನ್’ ಅನ್ನೋ ಯುದ್ಧನೌಕೆಯಲ್ಲಿ ಒಬ್ಬ ಸಿಬ್ಬಂದಿ ಕಂಪ್ಯೂಟರಿನ ಒಂದು ಖಾನೆಯಲ್ಲಿ ಸೊನ್ನೆ ತುಂಬಿದ. ಪ್ರೋಗ್ರಾಂ ಸೊನ್ನೆಯಿಂದ ಭಾಗಿಸೋಕೆ ಹೋಗಿ ಕುಸಿದುಬಿತ್ತು. ನೌಕೆ ಗಂಟೆಗಟ್ಟಲೆ ನೀರಲ್ಲಿ ಅಲ್ಲಾಡದೆ ನಿಂತಿತ್ತು. ‘ಸಂಖ್ಯೆ ಬದಲಾಗಲ್ಲ’ ಅನ್ನೋ ನಿಯಮ ಇದ್ದಿದ್ರೆ ನೌಕೆ ನಿಲ್ತಿರಲಿಲ್ಲ ನಿಜ, ಆದ್ರೆ ಯಾರಿಗೂ ಗೊತ್ತಾಗದ ತಪ್ಪು ಅಂಕಿ ಹಿಡ್ಕೊಂಡು ಮುಂದೆ ಹೋಗ್ತಿತ್ತು. ಅದು ಇನ್ನೂ ಅಪಾಯ. ನಮ್ಮ ಎಕ್ಸೆಲ್ ಶೀಟು ಸೊನ್ನೆಯಿಂದ ಭಾಗಿಸಿದ್ರೆ ‘ಎರರ್’ ಅಂತ ತೋರಿಸೋದು ಇದಕ್ಕೇ. ಉತ್ತರ ಇಲ್ಲದ ಕಡೆ ಉತ್ತರ ಇಲ್ಲ ಅಂತ ಹೇಳೋದೂ ಒಂದು ಉತ್ತರ.

ಈಗ ಕೊನೇ ಮಾತು. ಮಹಾವೀರಾಚಾರ್ಯರ ಬಗ್ಗೆ ಎರಡು ಥರದ ಮಾತು ಕೇಳ್ತೀವಿ. ಒಂದು, ಎಲ್ಲಾ ಗಣಿತ ನಮ್ಮವರೇ ಮೊದಲು ಕಂಡುಹಿಡಿದ್ರು ಅನ್ನೋ ವಾಟ್ಸಾಪ್ ಫಾರ್ವರ್ಡ್. ಇನ್ನೊಂದು, ಸೊನ್ನೆಯಲ್ಲೇ ತಪ್ಪಿದ್ರು ಬಿಡಿ ಅನ್ನೋ ತಾತ್ಸಾರ. ಎರಡರಲ್ಲೂ ಆ ಪುಸ್ತಕ ತೆರೆದು ನೋಡಿದ ಗುರುತಿಲ್ಲ.

ಇದು ಬರೀ ಹೆಮ್ಮೆಯ ಪ್ರಶ್ನೆ ಅಲ್ಲ. ಎಸೆಸೆಲ್ಸಿ ಫಲಿತಾಂಶದ ಜಿಲ್ಲಾವಾರು ಪಟ್ಟಿಯಲ್ಲಿ 2024ರಲ್ಲಿ ಯಾದಗಿರಿ ಕೊನೆ, 2025ರಲ್ಲಿ ಕಲಬುರಗಿ ಕೊನೆ. ನೃಪತುಂಗನ ರಾಜಧಾನಿ ಇದ್ದ ಜಿಲ್ಲೆ ಇದು. ಇಲ್ಲಿನ ಮಕ್ಕಳಿಗೆ ಗಣಿತ ಅಂದ್ರೆ ಎಲ್ಲೋ ದೂರದಿಂದ ಬಂದ, ಬಾಯಿಪಾಠ ಮಾಡಬೇಕಾದ ಶಿಕ್ಷೆ ಅನ್ನೋ ಹಾಗಾಗಿದೆ. ಸೇಡಂ, ಚಿತ್ತಾಪುರ, ಚಿಂಚೋಳಿಯ ಮೇಷ್ಟ್ರುಗಳಿಗೆ ನನ್ನದೊಂದು ವಿನಂತಿ. ಸೊನ್ನೆಯ ಪಾಠ ಬಂದಾಗ ಈ ಎರಡು ನಿಯಮ ಬೋರ್ಡ್ ಮೇಲೆ ಬರೀರಿ. ಯಾರು ಬರೆದದ್ದು ಅಂತ ಆಮೇಲೆ ಹೇಳಿ. ಮೊದಲು ಯಾವುದು ಸರಿ, ಯಾವುದು ತಪ್ಪು, ಯಾಕೆ ಅಂತ ಮಕ್ಕಳೇ ಬಡ್ಡಿ ಲೆಕ್ಕ ಹಾಕಿ ಹೇಳಲಿ. ನಮ್ಮೂರಿನ ದೊಡ್ಡವರೊಬ್ಬರ ಲೆಕ್ಕವನ್ನು ಹತ್ತನೇ ಕ್ಲಾಸಿನ ಹುಡುಗಿ ತಾಳೆ ನೋಡಿ ತಿದ್ದಬಹುದು ಅಂತ ಗೊತ್ತಾದ್ರೆ, ಗಣಿತದ ಮೇಲಿನ ಹೆದರಿಕೆ ಅರ್ಧ ಇಳಿಯುತ್ತೆ ಅಂತ ನನ್ನ ನಂಬಿಕೆ.

ಇವತ್ತಿಗೆ ಇಷ್ಟು. ಮುಂದಿನ ಸಂಚಿಕೆಯಲ್ಲಿ ಹನ್ನೆರಡನೇ ಶತಮಾನಕ್ಕೆ ಹೋಗೋಣ, ಕನ್ನಡದಲ್ಲೇ ಗಣಿತ ಬರೆದ ರಾಜಾದಿತ್ಯನ ಹತ್ತಿರ. ಅಲ್ಲಿವರೆಗೆ ನಿಮಗೊಂದು ಲೆಕ್ಕ: 1ನ್ನು ಇದೇ ನಿಯಮದಿಂದ ಐದು ತುಂಡು ಮಾಡಿ, ಛೇದಗಳು ಯಾವುವು ಅಂತ ಬರೆದು ಕಳ್ಸಿ.